ಸಕ್ಕರೆ ದ್ವೀಪಗಳ ಪುಸ್ತಕದ ಕೊನೆಯ ಅಧ್ಯಾಯ

ಕೊಪ್ಪದ ಕಾಲೇಜಿನಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಚರಿತ್ರೆ ಪಾಠ ಮಾಡಿದವಳು ನಾನು. ಮಕ್ಕಳು ನನ್ನ ಬೆನ್ನ ಹಿಂದೆ ‘ದಾಖಲೆ ಮೇಡಂ’ ಎನ್ನುತ್ತಿದ್ದರು. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರುತ್ತಿದ್ದೆ; ನಿಜ ಹೇಳಬೇಕೆಂದರೆ ಒಳಗೊಳಗೇ ಹಿಗ್ಗುತ್ತಿದ್ದೆ. ಉತ್ತರಪತ್ರಿಕೆಯಲ್ಲಿ ಯಾರಾದರೂ ‘ಎಂದು ಹೇಳುತ್ತಾರೆ’ ಎಂದು ಬರೆದರೆ ಸಾಕು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಯಾರು ಹೇಳಿದ್ದು? ಎಲ್ಲಿ?’ ಎಂದು ಗೀಚುತ್ತಿದ್ದೆ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು ಎಂಬ ಖ್ಯಾತಿಯೂ ಇತ್ತು. ನಿವೃತ್ತಿಯಾದ ಮೇಲೆ ಕೆಂಪು ಪೆನ್ನಿಗೆ ಕೆಲಸವಿಲ್ಲದೆ ಬೇಸರವಾಗುತ್ತಿತ್ತು, ಅಷ್ಟರಲ್ಲಿ ಈ ಪುಸ್ತಕ ಬಂತು.

ಡಿಸೆಂಬರಿನ ಕೊನೆಯಲ್ಲಿ ಶಿವಮೊಗ್ಗದ ಪ್ರಕಾಶಕರೊಬ್ಬರು ಫೋನ್ ಮಾಡಿದರು. ಬೇರೆ ದೇಶಗಳ ಚರಿತ್ರೆಯನ್ನು ಕನ್ನಡದಲ್ಲಿ ಬರೆಸಿ ಮಾಲೆಯಾಗಿ ತರುತ್ತಿದ್ದ ಸಣ್ಣ ಪ್ರಕಾಶನ ಅವರದು. ಕೆರಿಬಿಯನ್ ದ್ವೀಪಗಳನ್ನು ಯುರೋಪಿನವರು ಆಳಿದ ಬಗೆಯ ಕುರಿತು ಒಂದು ಹಸ್ತಪ್ರತಿ ಬಂದಿದೆ, ಬರೆದವರು ನರಸಿಂಹರಾಜಪುರದ ಒಬ್ಬ ಹೈಸ್ಕೂಲ್ ಟೀಚರು, ನಿಮ್ಮ ಶಿಷ್ಯೆಯಂತೆ, ನಿಮ್ಮ ಹತ್ತಿರವೇ ತೋರಿಸಿ ಎಂದು ಅವರೇ ಹೇಳಿದ್ದಾರೆ ಎಂದರು. ಓದುವಾಗ ಕಥೆಯ ಹಾಗೆ ಎಳೆದುಕೊಂಡು ಹೋಗುತ್ತದೆ, ಅದೇ ಅವರಿಗೆ ಅನುಮಾನ. ಇದನ್ನು ಚರಿತ್ರೆ ಎಂದು ಕರೆಯಬಹುದೋ ಇಲ್ಲವೋ ನೋಡಿ ಹೇಳಬೇಕು, ನೀವು ಬೇಡ ಎಂದ ಪುಟವನ್ನು ಅಚ್ಚು ಮಾಡುವುದಿಲ್ಲ ಎಂದೂ ಸೇರಿಸಿದರು. ನನಗೆ ಇನ್ನೇನು ಬೇಕು? ಕಳಿಸಿ ಎಂದೆ.

ಆ ಶಿಷ್ಯೆ ನನಗೆ ಚೆನ್ನಾಗಿ ನೆನಪಿದ್ದಳು. ಬಾಳೆಹೊನ್ನೂರಿನ ಕಡೆಯ ಕಾಫಿ ತೋಟವೊಂದರ ಲೈನಿನಿಂದ ಬಂದವಳು. ಲೈನ್ ಎಂದರೆ ತೋಟದ ಕೂಲಿಯವರಿಗೆ ಸಾಲಾಗಿ ಕಟ್ಟಿಸಿಕೊಟ್ಟ ಒಂದೊಂದು ಕೋಣೆಯ ಮನೆಗಳು. ಬೆಳಗಿನ ಮೊದಲ ಬಸ್ಸು ಹಿಡಿದು ಬಂದು ಎರಡನೇ ಬೆಂಚಿನಲ್ಲಿ ಕೂರುತ್ತಿದ್ದಳು. ಬಡವರ ಮನೆಯ ಮಕ್ಕಳಲ್ಲಿ ಸಾಮಾನ್ಯವಾಗಿ ಇರುವ ಅಂಜಿಕೆ ಅವಳಲ್ಲೂ ಇತ್ತು, ಆದರೆ ಪ್ರಶ್ನೆ ಕೇಳುವಾಗ ಮಾತ್ರ ಅದೆಲ್ಲಿ ಹೋಗುತ್ತಿತ್ತೋ. ಯಾವ ತೋಟ ಎಂದು ನಾನು ಒಮ್ಮೆಯೂ ಕೇಳಲಿಲ್ಲ. ನನ್ನ ಬಾಲ್ಯ ಕಳೆದದ್ದೂ ಆ ಕಡೆಯ ಒಂದು ತೋಟದಲ್ಲೇ. ಅಪ್ಪ ಅಲ್ಲಿ ರೈಟರು. ತೋಟದಲ್ಲಿ ರೈಟರೆಂದರೆ ದಿನಾ ಬೆಳಗ್ಗೆ ಆಳುಗಳ ಹಾಜರಿ ಹಿಡಿದು ಕೆಲಸಕ್ಕೆ ಹಂಚುವ ಗುಮಾಸ್ತ. ಈ ವಿಷಯವನ್ನು ಕಾಲೇಜಿನಲ್ಲಿ ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ನಾಚಿಕೆಯೆಂದಲ್ಲ, ಹೇಳುವ ಸಂದರ್ಭ ಬರಲಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಹಸ್ತಪ್ರತಿ ಬಂದ ಮರುದಿನದಿಂದ ಬೆಳಗಿನ ಬಿಸಿಲಿಗೆ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಓದಿದೆ. ಹುಳುಕು ಹುಡುಕಲೆಂದೇ ಕೂತವಳು ನಾನು, ಸುಳ್ಳು ಯಾಕೆ ಹೇಳಲಿ. ನಾಲ್ಕು ಪುಟ ಕಳೆಯುವಷ್ಟರಲ್ಲಿ ಪೆನ್ನು ಮುಚ್ಚಿಟ್ಟು ಓದುತ್ತಿದ್ದೆ. ಸಮುದ್ರದಾಚೆಯಿಂದ ಹಡಗುಗಳಲ್ಲಿ ಜನರನ್ನು ತುಂಬಿಕೊಂಡು ಬಂದದ್ದು, ಕಬ್ಬಿನ ಗದ್ದೆ, ಕಬ್ಬು ಅರೆಯುವ ಗಾಣ, ನಿದ್ದೆಗಣ್ಣಿನಲ್ಲಿ ಕಬ್ಬು ತುರುಕುವವರ ಕೈ ಗಾಣಕ್ಕೆ ಸಿಕ್ಕಿದರೆ ಕತ್ತರಿಸಲೆಂದು ಪಕ್ಕದಲ್ಲೇ ಇಟ್ಟಿರುತ್ತಿದ್ದ ಕೊಡಲಿ. ಇದನ್ನೆಲ್ಲ ಅವಳು ಒಂದು ತೊಟ್ಟು ಕಣ್ಣೀರಿಲ್ಲದೆ ಬರೆದಿದ್ದಳು. ಯಾವ ಮಾತು ಯಾವ ಕಾಗದದಿಂದ ಬಂತು ಎಂದು ಅಡಿಯಲ್ಲಿ ಕೊಟ್ಟಿದ್ದಳು. ಗುಲಾಮಗಿರಿಯನ್ನು ನಿಲ್ಲಿಸಿದಾಗ ಪರಿಹಾರ ಸಿಕ್ಕಿದ್ದು ಗುಲಾಮರಿಗಲ್ಲ, ಗುಲಾಮರನ್ನು ಕಳೆದುಕೊಂಡ ಯಜಮಾನರಿಗೆ ಎಂಬುದನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದಳು. ನಾನಾಗಿದ್ದರೆ ಎರಡು ಪುಟ ಉಪದೇಶ ಮಾಡುತ್ತಿದ್ದೆ.

ಮೂರನೆಯ ಅಧ್ಯಾಯ ಎಲ್ಲಕ್ಕಿಂತ ಗಟ್ಟಿಯಾಗಿತ್ತು. ಆ ದ್ವೀಪಗಳ ಬಗ್ಗೆ ಇವತ್ತು ನಮಗೆ ಗೊತ್ತಿರುವುದರಲ್ಲಿ ಹೆಚ್ಚಿನದು ತೋಟದ ಯಜಮಾನರೂ ಅವರ ಗುಮಾಸ್ತರೂ ಬರೆದಿಟ್ಟ ಕಾಗದಗಳಿಂದ ಬಂದದ್ದು, ಆ ಪಟ್ಟಿಗಳಲ್ಲಿ ಮನುಷ್ಯರು ಎತ್ತು ಕುದುರೆಗಳ ಜೊತೆಗೇ ಬರುತ್ತಾರೆ, ಆದ್ದರಿಂದ ಕಾಗದದಲ್ಲಿ ಏನಿದೆ ಎಂದು ಕೇಳಿದರೆ ಸಾಲದು, ಬರೆದವನು ಯಾರು, ಯಾರಿಗಾಗಿ ಬರೆದ, ಏನನ್ನು ಬಿಟ್ಟ ಎಂದೂ ಕೇಳಬೇಕು ಎಂದು ವಾದಿಸಿದ್ದಳು. ನನ್ನ ಪಾಠವೇ ನನ್ನನ್ನು ದಾಟಿ ಮುಂದೆ ಹೋದ ಹಾಗೆ ಅನ್ನಿಸಿತು. ಅಂಚಿನಲ್ಲಿ ‘ಭೇಷ್’ ಎಂದು ಬರೆದೆ. ನನ್ನ ಕೆಂಪು ಶಾಯಿಯಲ್ಲಿ ಆ ಪದ ಅಪರೂಪದ್ದು.

ತಪ್ಪೂ ಸಿಕ್ಕಿತು. ಗಯಾನಾವನ್ನು ದ್ವೀಪ ಎಂದು ಬರೆದಿದ್ದಳು. ಅದು ದಕ್ಷಿಣ ಅಮೆರಿಕದ ನೆಲಕ್ಕೇ ಅಂಟಿಕೊಂಡ ದೇಶ. ಸಂತೋಷದಿಂದ ಸುತ್ತು ಹಾಕಿದೆ. ಒಂದು ದ್ವೀಪದಲ್ಲಿ ನಡೆದದ್ದನ್ನು ಎಲ್ಲ ದ್ವೀಪಗಳಿಗೂ ಹೊಂದಿಸಿ ಹೇಳಿದ್ದ ಜಾಗಗಳು ಎರಡೋ ಮೂರೋ ಇದ್ದವು. ಅವೆಲ್ಲ ತಿದ್ದಿದರೆ ಹೋಗುವ ತಪ್ಪುಗಳು.

ಐದನೆಯ ಅಧ್ಯಾಯ ಹೆಸರುಗಳ ಬಗ್ಗೆ. ಆಫ್ರಿಕಾದಿಂದ ಬಂದವರು ತಮ್ಮ ಮಕ್ಕಳಿಗೆ ಸೋಮವಾರ, ಮಂಗಳವಾರ ಎಂಬ ಹಾಗೆ ಹುಟ್ಟಿದ ವಾರದ ಹೆಸರಿಡುತ್ತಿದ್ದರು. ಯಜಮಾನರು ತಮಗೆ ತೋಚಿದ ಬೇರೆ ಹೆಸರು ಕೊಟ್ಟು ಪಟ್ಟಿಯಲ್ಲಿ ಅದನ್ನೇ ಬರೆಸಿದರು. ಅಳಿಯದೆ ಉಳಿದುಕೊಂಡ ವಾರದ ಹೆಸರುಗಳನ್ನು ಬೈಗುಳ ಮಾಡಿದರು. ಗುಲಾಮಗಿರಿ ನಿಂತ ಮೇಲೆ ಕಲ್ಕತ್ತಾ, ಮದರಾಸುಗಳಿಂದ ನಮ್ಮ ದೇಶದವರನ್ನೇ ಕರಾರಿನ ಮೇಲೆ ಹಡಗು ಹತ್ತಿಸಿದಾಗ ಬಂದರಿನ ಗುಮಾಸ್ತ ಬರೆದದ್ದೇ ಅವರ ಹೆಸರಾಯಿತು. ಮೊಮ್ಮಕ್ಕಳು ಇವತ್ತಿಗೂ ಅದನ್ನೇ ಹೊತ್ತುಕೊಂಡು ತಿರುಗುತ್ತಾರೆ. ಇದನ್ನು ಓದುವಾಗಲೇ ಯಾಕೋ ಹಾಳೆಗಳನ್ನು ಮಗುಚಿಟ್ಟೆ. ಎದ್ದು ಹೋಗಿ ಕಾಫಿ ಕುಡಿದು ಬಂದೆ.

ಕೊನೆಯ ಅಧ್ಯಾಯ ಆರೇ ಪುಟದ್ದು. ಕೆರಿಬಿಯನ್ ಬಿಟ್ಟು ಪುಸ್ತಕ ಇದ್ದಕ್ಕಿದ್ದ ಹಾಗೆ ನಮ್ಮ ಊರ ಕಡೆ ಬಂದಿತ್ತು. ಈ ದೊಡ್ಡ ಕಾಫಿ ತೋಟಗಳಲ್ಲಿ ಹೆಚ್ಚಿನವನ್ನು ಮಾಡಿದವರು ಬಿಳಿಯರು, ಸಕ್ಕರೆ ದ್ವೀಪದ ತೋಟ ನಡೆಸುವ ಪದ್ಧತಿಗೂ ಇಲ್ಲಿಯ ಪದ್ಧತಿಗೂ ನೆಂಟಸ್ತಿಕೆ ಇದೆ, ಆದರೆ ಇಲ್ಲಿ ಗುಲಾಮಗಿರಿ ಇರಲಿಲ್ಲ, ಎರಡನ್ನೂ ಒಂದೇ ಎನ್ನುವುದು ತಪ್ಪು ಎಂದು ಎಚ್ಚರಿಕೆಯಿಂದಲೇ ಶುರು ಮಾಡಿದ್ದಳು. ಬಿಳಿಯರು ಹೋಗಿ ನಮ್ಮವರೇ ಯಜಮಾನರಾದ ಮೇಲೂ ಉಳಿದದ್ದು ಒಂದು ಅಭ್ಯಾಸ ಎಂದು ಬರೆದು, ತನ್ನ ತಾಯಿಯ ಸಂಗತಿ ಹೇಳಿದ್ದಳು. ತಾಯಿ ಮದುವೆಯಾಗಿ ತೋಟಕ್ಕೆ ಬಂದ ಮರುದಿನ ಹಾಜರಿಗೆ ನಿಂತಾಗ ರೈಟರು ಹೆಸರು ಕೇಳಿದರು. ಅವಳು ಹೇಳಿದ ಹೆಸರು ರೈಟರ ಮಗಳ ಹೆಸರೂ ಆಗಿತ್ತು. ರೈಟರ ಮಗಳ ಹೆಸರನ್ನು ದಿನಾ ಬೆಳಗ್ಗೆ ಆಳುಗಳ ಸಾಲಿನಲ್ಲಿ ಕೂಗುವುದು ಸರಿಯಲ್ಲವೆಂದು ಅವಳಿಗೆ ಅವತ್ತಿನ ವಾರದ ಹೆಸರಿಟ್ಟು ಬರೆದುಕೊಂಡರು. ಮುಂದೆ ಐವತ್ತು ವರ್ಷ ಅವಳು ಆ ವಾರವಾಗಿಯೇ ಬದುಕಿದಳು. ಹೀಗೆಂದು ಬರೆದು, ತಾಯಿಯ ನಿಜವಾದ ಹೆಸರನ್ನು ಅಲ್ಲಿ ಪೂರ್ತಿಯಾಗಿ ಕೊಟ್ಟಿದ್ದಳು.

ಅದು ನನ್ನ ಹೆಸರು.

ನನಗೆ ಆಗ ಹನ್ನೆರಡೋ ಹದಿಮೂರೋ. ರೈಟರ ಮನೆಯ ಜಗಲಿಯಿಂದ ಕಾಫಿ ಒಣಗಿಸುವ ಕಣ ಎದುರಿಗೇ ಕಾಣುತ್ತಿತ್ತು. ಹಾಜರಿ ಆ ಕಣದಲ್ಲೇ ನಡೆಯುತ್ತಿತ್ತು, ಅದಕ್ಕೆ ಎಲ್ಲರೂ ಮಸ್ಟರ್ ಎನ್ನುತ್ತಿದ್ದರು. ಹೊಸದಾಗಿ ಬಂದ ಆ ಹೆಂಗಸು ತಲೆ ತಗ್ಗಿಸಿಕೊಂಡು ಹೆಸರು ಹೇಳಿದ್ದು, ಸಾಲಿನಲ್ಲಿದ್ದವರು ಕಿಸಕ್ಕನೆ ನಕ್ಕದ್ದು, ಅಪ್ಪ ಪೆನ್ನು ಹಿಡಿದುಕೊಂಡೇ ನಮ್ಮ ಮನೆಯ ಬಾಗಿಲ ಕಡೆ ನೋಡಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಾಗಿಲಲ್ಲಿ ಅಮ್ಮ ನಿಂತಿದ್ದರು. ಅಮ್ಮ ಮುಖ ತಿರುಗಿಸಿ ಒಳಗೆ ಹೋದರು. ಅಷ್ಟು ಸಾಕಾಯಿತು ಅಪ್ಪನಿಗೆ. ಅಪ್ಪ ಕೆಟ್ಟವರಲ್ಲ. ತೋಟದ ದೊರೆಯ ಜೀಪಿನ ಸದ್ದು ಕೇಳಿದರೆ ಅವರೂ ಎದ್ದು ನಿಂತು ನಡುಗುತ್ತಿದ್ದರು. ಅವತ್ತು ಅವರಿಗೆ ಮಾಡಲು ಸಾಧ್ಯವಿದ್ದ ದೊಡ್ಡಸ್ತಿಕೆ ಅದೊಂದೇ ಇತ್ತೋ ಏನೋ.

ನನಗೆ ಏನನ್ನಿಸಿತು ಎಂದೂ ಹೇಳಿಬಿಡಬೇಕು. ಖುಷಿಯಾಗಿತ್ತು. ನನ್ನ ಹೆಸರು ನನಗೊಬ್ಬಳಿಗೇ ಉಳಿಯಿತಲ್ಲ ಎಂದು. ಆಮೇಲೆ ಎಷ್ಟೋ ದಿನ, ಅಮ್ಮ ಮನೆಯೊಳಗಿಂದ ನನ್ನನ್ನು ಕೂಗಿ ಕರೆದರೆ ಕಣದಲ್ಲಿ ಕಾಫಿ ಕೆದಕುತ್ತಿದ್ದ ಆ ಹೆಂಗಸು ತಟ್ಟನೆ ತಿರುಗಿ ನೋಡುತ್ತಿದ್ದಳು. ಅವಳು ತಿರುಗಿದಳೆಂದು ನಾವು ಅಣ್ಣತಂಗಿ ನಗುತ್ತಿದ್ದೆವು. ಬರುಬರುತ್ತಾ ತಿರುಗುವುದನ್ನು ಬಿಟ್ಟಳು.

ಇಷ್ಟೆಲ್ಲ ನೆನಪಿದ್ದವಳು ನಾನು. ಪುಸ್ತಕದ ಆ ಆರು ಪುಟದಲ್ಲಿ ಒಂದಕ್ಷರ ಸುಳ್ಳಿಲ್ಲವೆಂದು ಈ ಭೂಮಿಯ ಮೇಲೆ ಯಾರಾದರೂ ಎದೆ ಮುಟ್ಟಿಕೊಂಡು ಹೇಳಬಹುದಾಗಿದ್ದರೆ ಅದು ನಾನು. ಆದರೆ ನಾನು ಮಾಡಿದ್ದೇನು? ಪ್ರಕಾಶಕರಿಗೆ ಒಂದು ಪುಟದ ಅಭಿಪ್ರಾಯ ಬರೆದೆ. ಮೊದಲ ಏಳು ಅಧ್ಯಾಯ ಒಳ್ಳೆಯ ಚರಿತ್ರೆ, ಕೂಡಲೇ ಅಚ್ಚು ಮಾಡಿ. ಎಂಟನೆಯದಕ್ಕೆ ಯಾವ ದಾಖಲೆಯೂ ಇಲ್ಲ, ಹೆಸರು ಬದಲಾಯಿಸಿದರೆಂಬುದಕ್ಕೆ ತಾಯಿಯ ಮಾತೊಂದೇ ಆಧಾರ, ಹಾಜರಿ ಪುಸ್ತಕದಲ್ಲಿ ಇರುವುದು ವಾರದ ಹೆಸರು ಮಾತ್ರ, ಒಬ್ಬ ವಯಸ್ಸಾದ ಹೆಂಗಸಿನ ನೆನಪನ್ನು ಚರಿತ್ರೆ ಎನ್ನಲಾಗದು, ಆದ್ದರಿಂದ ಅದನ್ನು ಕೈಬಿಡುವುದು ಒಳ್ಳೆಯದು. ಸಮುದ್ರದಾಚೆಯ ಗುಮಾಸ್ತನ ಪಟ್ಟಿಯನ್ನು ನಂಬಬೇಡ ಎಂದದ್ದಕ್ಕೆ ಭೇಷ್ ಎಂದಿದ್ದೆ, ನನ್ನಪ್ಪನ ಪಟ್ಟಿಯ ಸರದಿ ಬಂದಾಗ ಅದನ್ನೇ ವೇದವಾಕ್ಯ ಮಾಡಿದೆ. ನಾನು ಆ ರೈಟರ ಮಗಳೆಂಬುದು ಅವಳಿಗೆ ಗೊತ್ತಿರಲಾರದು, ಒಂದೇ ಹೆಸರಿನವರು ಸಾವಿರ ಜನ ಇರುತ್ತಾರೆ ಎಂದುಕೊಂಡೆ.

ವಾರದೊಳಗೆ ಅವಳೇ ಬಸ್ಸು ಹಿಡಿದು ಕೊಪ್ಪಕ್ಕೆ ಬಂದಳು. ನಲವತ್ತು ದಾಟಿದ್ದಳು, ಕನ್ನಡಕ ಬಂದಿತ್ತು, ಆದರೂ ಕುರ್ಚಿಯ ತುದಿಯಲ್ಲೇ ಕೂತಳು. ಗಯಾನಾದ ತಪ್ಪು ತಿದ್ದಿದ್ದಕ್ಕೆ ಮೊದಲು ಥ್ಯಾಂಕ್ಸ್ ಹೇಳಿದಳು. ಆಮೇಲೆ, ಅಮ್ಮನಿಗೆ ಕಾಯಿಲೆ ಜೋರಾಗಿದೆ, ಡಾಕ್ಟರು ಹೆಚ್ಚು ದಿನ ಇಲ್ಲ ಎಂದಿದ್ದಾರೆ ಎಂದು ನೆಲ ನೋಡುತ್ತಾ ಹೇಳಿದಳು. ರೇಷನ್ ಕಾರ್ಡು, ವೋಟಿನ ಕಾರ್ಡು, ಕೊನೆಗೆ ತನ್ನ ಮಾರ್ಕ್ಸ್ ಕಾರ್ಡಿನಲ್ಲಿ ತಾಯಿಯ ಹೆಸರಿನ ಜಾಗದಲ್ಲೂ ಆ ವಾರದ ಹೆಸರೇ ಇದೆ. ಸಾಯುವುದರೊಳಗೆ ಒಂದು ಕಡೆಯಾದರೂ ತನ್ನ ಹೆಸರು ಅಚ್ಚಾಗಲಿ ಎಂದು ಅಮ್ಮನಿಗೆ ಆಸೆ. ಪುಸ್ತಕ ಎಲ್ಲಿಗೆ ಬಂತು ಎಂದು ದಿನಾ ಕೇಳುತ್ತಾಳೆ ಎಂದಳು.

ಮೇಷ್ಟರ ಬುದ್ಧಿ ಎಲ್ಲಿ ಹೋಗುತ್ತದೆ, ಹಾಗಿದ್ದರೆ ಪುಸ್ತಕವನ್ನು ತಾಯಿಗೆ ಅರ್ಪಣೆ ಮಾಡು, ಮೊದಲ ಪುಟದಲ್ಲೇ ಹೆಸರು ಬರುತ್ತದೆ, ಯಾರೂ ದಾಖಲೆ ಕೇಳುವುದಿಲ್ಲ ಎಂದು ದಾರಿ ತೋರಿಸಿದೆ. ಅವಳು ತಲೆಯಾಡಿಸಿದಳು.

“ಅರ್ಪಣೆಲಿ ಹಾಕಿದ್ರೆ ಪ್ರೀತಿಗೆ ಹಾಕಿದ್ದು ಅಂತ ಆಗ್ತದೆ ಮೇಡಂ. ನಡೆದದ್ದು ಅಂತ ಆಗಲ್ಲ.”

ನಡೆದದ್ದಕ್ಕೆ ಪುರಾವೆ ಬೇಕಲ್ಲ ಎಂದು ನಾನು ಸ್ವಲ್ಪ ಗಟ್ಟಿಯಾಗಿಯೇ ಅಂದೆ. ನಿನ್ನ ತಾಯಿ ಹೇಳಿದ್ದು ಸುಳ್ಳೆಂದು ನಾನು ಹೇಳುತ್ತಿಲ್ಲ, ಆದರೆ ಇನ್ನೊಬ್ಬರು ಯಾರಾದರೂ ನೋಡಿದವರು ಹೌದು ಎನ್ನಬೇಕು, ಅದಿಲ್ಲದಿದ್ದರೆ ನಾಳೆ ಓದಿದವರು ನಿನ್ನ ಉಳಿದ ಏಳು ಅಧ್ಯಾಯವನ್ನೂ ನಂಬುವುದಿಲ್ಲ ಎಂದೆ. ಎಂಥ ಮಾತು ನೋಡಿ. ಅವಳು ನನ್ನ ಮುಖವನ್ನೇ ನೋಡುತ್ತಾ ಕೂತಳು. ಅಷ್ಟು ಹೊತ್ತು ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ. ಏನನ್ನೋ ಕಾಯುತ್ತಿದ್ದಾಳೆ ಎನ್ನಿಸಿತು, ಕಾಯಲಿ ಎಂದು ನಾನೂ ಸುಮ್ಮನಿದ್ದೆ. ಕೊನೆಗೆ ಚೀಲ ತೆಗೆದುಕೊಂಡು ಎದ್ದು, “ಆಯ್ತು ಮೇಡಂ, ತೆಗೀತೇನೆ” ಎಂದಳು. ಕಾಲಿಗೆ ಬಗ್ಗಿ ನಮಸ್ಕಾರ ಮಾಡಿ ಹೊರಟಳು. ಕಾಫಿ ಕುಡಿದು ಹೋಗು ಎಂದರೆ, ಅಮ್ಮ ಒಬ್ಬಳೇ ಇದ್ದಾಳೆ, ಬಸ್ಸು ತಪ್ಪಿದರೆ ಕಷ್ಟ ಎಂದಳು.

ಗೆದ್ದವಳು ನಾನೇ, ಆದರೆ ಊಟ ಸೇರಲಿಲ್ಲ. ಒಂದು ತಿಂಗಳು ಹೇಗೋ ತಳ್ಳಿದೆ. ಶಿವರಾತ್ರಿ ಕಳೆದ ಮೇಲೆ ಶೃಂಗೇರಿಯಲ್ಲಿರುವ ಅಣ್ಣನ ಮನೆಗೆ ಹೋದೆ. ಅಣ್ಣ ನನಗಿಂತ ನಾಲ್ಕು ವರ್ಷ ದೊಡ್ಡವನು, ಬ್ಯಾಂಕಿನಿಂದ ನಿವೃತ್ತನಾಗಿ ದಿನಕ್ಕೆ ಮೂರು ಸಲ ಪೇಟೆ ಸುತ್ತಿ ಬರುವುದೇ ಕೆಲಸ ಮಾಡಿಕೊಂಡಿದ್ದ. ಊಟವಾಗಿ ಎಲೆಅಡಿಕೆ ಹಾಕಿಕೊಳ್ಳುವಾಗ, ಕಣದಲ್ಲಿ ನಿಂತು ನನ್ನ ಹೆಸರೇ ಹೇಳಿದ ಆ ಹೆಂಗಸು ನೆನಪಿದೆಯಾ ಎಂದು ಕೇಳಿದೆ. ಅವನು ಯೋಚನೆ ಕೂಡ ಮಾಡಲಿಲ್ಲ. ನೆನಪಿಲ್ಲದೆ ಏನು, ಅಮ್ಮ ನಿನ್ನನ್ನು ಕರೆದಾಗೆಲ್ಲ ತಿರುಗುತ್ತಿದ್ದಳಲ್ಲ ಎಂದು ನಕ್ಕ. ನಾನು ಪುಸ್ತಕದ ವಿಷಯವನ್ನೆಲ್ಲ ಹೇಳಿದೆ. ಅವನ ನಗು ನಿಂತಿತು.

“ನೀ ಎಂತಕ್ಕೆ ಅದನ್ನೆಲ್ಲ ಕೆದಕ್ತಿ ಮಾರಾಯ್ತಿ? ಆಗ ಎಲ್ಲ ಕಡೆ ಹಂಗೇ ಇತ್ತು. ತೆಗೆಸಿದ್ದು ಒಳ್ಳೇದೇ ಆಯ್ತು. ಅಪ್ಪನ ಹೆಸರು ಬೀದಿಗೆ ಬರೋದು ತಪ್ಪಿತಲ್ಲ.”

ಅಪ್ಪನ ಹೆಸರು ಅವಳು ಎಲ್ಲಿಯೂ ಬರೆದಿರಲಿಲ್ಲ. ರೈಟರು ಎಂದಷ್ಟೇ ಬರೆದಿದ್ದಳು, ತೋಟದ ಹೆಸರನ್ನೂ ಬಿಟ್ಟಿದ್ದಳು. ಅದನ್ನು ಅಣ್ಣನಿಗೆ ಹೇಳಿದೆ. ಮತ್ತೆ ಯಾಕೆ ತೆಗೆಸಿದೆ ಎಂದು ಅವನು ಕೇಳಿದ. ಅವನು ಕುಟುಕಲೆಂದು ಕೇಳಿದ್ದಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದ್ದು. ನಾನು ಎದ್ದು ಚಪ್ಪಲಿ ಮೆಟ್ಟಿದೆ. ತುಂಗೆಯ ದಡಕ್ಕೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಮೀನುಗಳಿಗೆ ಮಂಡಕ್ಕಿ ಎರಚುತ್ತಿದ್ದ ಯಾತ್ರಿಕರ ಗದ್ದಲದ ನಡುವೆ ಕೂತು, ಅರವತ್ತು ದಾಟಿದ ಮೇಲೂ ನಾನು ಆ ಹೆಸರನ್ನು ಅವಳಿಗೆ ಬಿಟ್ಟುಕೊಡಲು ಒಪ್ಪಲಿಲ್ಲವಲ್ಲ ಎಂದು ಅತ್ತೆ. ಆ ಅಧ್ಯಾಯ ತೆಗೆಸಿದ್ದಕ್ಕೆ ಅದಕ್ಕಿಂತ ಬೇರೆ ಕಾರಣವೇನೂ ಇರಲಿಲ್ಲ.

ಕೊಪ್ಪಕ್ಕೆ ವಾಪಸ್ಸು ಬಂದು ಪ್ರಕಾಶಕರಿಗೆ ಪತ್ರ ಬರೆಯಲು ಕೂತೆ. ಆ ಹಾಜರಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ, ಆ ಮಗಳು ನಾನೇ, ಎಂಟನೆಯ ಅಧ್ಯಾಯದಲ್ಲಿ ಇರುವುದೆಲ್ಲ ನಡೆದದ್ದು. ಮೂರು ಸಾಲಿನ ಕೆಲಸ. ಬರೆದೆ, ಹರಿದೆ. ಮೊದಲೇ ಯಾಕೆ ಹೇಳಲಿಲ್ಲ ಎಂದು ಅವರು ಕೇಳಿದರೆ? ಇಷ್ಟು ವರ್ಷ ಕಟ್ಟಿಕೊಂಡ ಮರ್ಯಾದೆ? ಭಾಷೆ ಸರಿಯಿಲ್ಲ, ಸ್ವಲ್ಪ ತಿದ್ದೋಣ, ನಾಳೆ ಹಾಕೋಣ ಎಂದು ದಿನ ದೂಡಿದೆ. ಮೂರು ವಾರವಾದ ಮೇಲೆ ಪೋಸ್ಟಿಗೆ ಹಾಕುವ ಬದಲು ಫೋನನ್ನೇ ಮಾಡಿದೆ. ಪುಸ್ತಕ ಅಚ್ಚಾಗಿ ಬಂದಿದೆ, ಲೇಖಕಿಗೆ ಪ್ರತಿಗಳು ಹೋಗಿ ಹತ್ತು ದಿನವಾಯಿತು, ನಿಮ್ಮದೂ ಇವತ್ತೋ ನಾಳೆಯೋ ಸಿಗುತ್ತದೆ ಎಂದು ಅವರು ಉತ್ಸಾಹದಿಂದ ಹೇಳಿದರು. ನಾನು ಮೂರು ಸಾಲಿನ ವಿಷಯವನ್ನು ಅವರಿಗೆ ಹೇಳಿದೆ. ಮುಂದಿನ ಮುದ್ರಣದಲ್ಲಿ ನೋಡೋಣ ಮೇಡಂ ಎಂದರು.

ಕೂಡಲೇ ಅವಳಿಗೆ ಫೋನ್ ಮಾಡಿದೆ. ಯಾರೋ ಹೆಂಗಸು ಎತ್ತಿಕೊಂಡು, ಟೀಚರ ಅಮ್ಮ ಹೋಗಿ ನಾಲ್ಕು ದಿನವಾಯಿತು ಎಂದರು.

ಮರುದಿನ ನರಸಿಂಹರಾಜಪುರಕ್ಕೆ ಹೋದೆ. ಬಸ್ ಸ್ಟ್ಯಾಂಡಿನಿಂದ ಆಟೋದಲ್ಲಿ ಐದು ನಿಮಿಷ. ಎರಡು ಕೋಣೆಯ ಬಾಡಿಗೆ ಮನೆ, ಬಾಗಿಲಿಗೆ ಬಂದವಳು ಅವಳೇ. ಅತ್ತು ಅತ್ತು ಮುಖ ಊದಿತ್ತು. ಒಳಗೆ ಗೋಡೆಯ ಹತ್ತಿರ ಫೋಟೋ ಇಟ್ಟು ದೀಪ ಹಚ್ಚಿದ್ದರು. ಹಣ್ಣಾದ ಮುಖ, ಆದರೂ ಗುರುತು ಸಿಕ್ಕಿತು. ಫೋಟೋದ ಎದುರು ನಿಲ್ಲಲಾಗದೆ ನಾನು ನೆಲದ ಮೇಲೇ ಕೂತೆ. ಕೂತವಳೇ, ಆ ರೈಟರು ನನ್ನಪ್ಪ, ಆ ಹುಡುಗಿ ನಾನು, ಎಲ್ಲ ಗೊತ್ತಿದ್ದೂ ದಾಖಲೆ ಕೇಳಿದೆ ಎಂದು ಹೇಳಿಬಿಟ್ಟೆ. ಅವಳು ಬೆಚ್ಚಿಬೀಳಲಿಲ್ಲ.

“ಗೊತ್ತಿತ್ತು ಮೇಡಂ. ಕಾಲೇಜಿಗೆ ಸೇರಿದ ದಿನವೇ ಅಮ್ಮ ಹೇಳಿದ್ಲು. ಅವರ ಹತ್ರ ಚೆನ್ನಾಗಿ ಓದು, ಅವರದ್ದೂ ನಂದೂ ಒಂದೇ ಹೆಸರು ಅಂತ. ಅವಳಿಗೆ ನಿಮ್ಮ ಮೇಲೆ ಸಿಟ್ಟಿರ್ಲಿಲ್ಲ. ತನ್ನ ಹೆಸರು ಲೆಕ್ಚರರ್ ಆಗಿದೆ ಅಂತ ಲೈನಲ್ಲೆಲ್ಲ ಹೇಳ್ಕೊಂಡು ತಿರುಗ್ತಿದ್ಲು. ಅದಕ್ಕೇ ಪುಸ್ತಕ ನಿಮ್ಮ ಹತ್ರ ಕಳ್ಸಿ ಅಂದಿದ್ದು ನಾನು. ಅವತ್ತು ಸಾಲಲ್ಲಿ ನಿಂತವರೆಲ್ಲ ಹೋದ್ರು, ನೋಡಿದವರು ಅಂತ ಉಳಿದದ್ದು ನೀವೊಬ್ರೇ ಅಲ್ವಾ. ನೀವು ಹೌದು ಅಂದಿದ್ರೆ ಅದೇ ದಾಖಲೆ ಆಗ್ತಿತ್ತು.”

ಅವತ್ತು ಕೊಪ್ಪದಲ್ಲಿ ಅವಳು ನನ್ನ ಮುಖ ನೋಡುತ್ತಾ ಕೂತದ್ದು ಇದಕ್ಕಾಗಿ. ಬಾಯಿ ಬಿಟ್ಟು ಕೇಳಬಾರದಿತ್ತೇ ಎಂದರೆ, ಕೇಳಿ ಹೇಳಿಸಿಕೊಂಡರೆ ಅದು ಸಾಕ್ಷಿ ಹೇಗಾಗುತ್ತದೆ, ಹಾಗೆ ಮಾಡಬಾರದು ಅಂತ ಕ್ಲಾಸಿನಲ್ಲಿ ನೀವೇ ಹೇಳಿಕೊಟ್ಟದ್ದಲ್ಲವೇ ಎಂದಳು. ಅರ್ಪಣೆಯಲ್ಲಾದರೂ ಹಾಕಿಬಿಡಬಹುದಿತ್ತು, ಸುಮ್ಮನೆ ಹಟ ಮಾಡಿದೆ ಎಂದು ತನ್ನನ್ನೇ ಹಳಿದುಕೊಂಡಳು. ಈಗ ಹಾಕೋಣ, ಮುಂದಿನ ಮುದ್ರಣಕ್ಕೆ ನಾನು ಸಹಿ ಮಾಡಿ ಬರೆದುಕೊಡುತ್ತೇನೆ ಎಂದೆ. ಅವಳು ಹ್ಞೂಂ ಎಂದಳು, ಅಷ್ಟೇ.

ಆಮೇಲೆ ಎದ್ದು ಹೋಗಿ ಪುಸ್ತಕ ತಂದಳು.

“ಅಮ್ಮನಿಗೆ ಓದಕ್ಕೆ ಬರ್ತಿರ್ಲಿಲ್ಲ ಮೇಡಂ. ಪುಸ್ತಕ ಬಂದ ದಿನ ಎದ್ದು ಕೂತ್ಕೊಂಡು, ನನ್ನ ಹೆಸರು ಎಲ್ಲಿದೆ ತೋರ್ಸು ಅಂದ್ಲು. ಇಲ್ಲ ಅನ್ನಕ್ಕೆ ನಂಗೆ ಬಾಯಿ ಬರ್ಲಿಲ್ಲ.”

ಅವಳು ತೆರೆದು ತೋರಿಸಿದ್ದು ಕೃತಜ್ಞತೆಯ ಪುಟ. ಅದರಲ್ಲಿ ನನ್ನ ಹೆಸರಿತ್ತು. ‘ಇವರು ಕಲಿಸದೇ ಇದ್ದಿದ್ದರೆ ನಾನು ಈ ಪುಸ್ತಕ ಬರೆಯುತ್ತಿರಲಿಲ್ಲ’ ಎಂದು ಹೆಸರಿನ ಮುಂದೆ ಬರೆದಿದ್ದಳು. ಅಮ್ಮನ ಬೆರಳು ಹಿಡಿದು ಆ ಹೆಸರಿನ ಮೇಲೆ ಇಡಿಸಿ, ಇದೇ ನೋಡು ಅಂದಳಂತೆ. ಸುಳ್ಳೇನೂ ಹೇಳಲಿಲ್ಲವಲ್ಲ ಮೇಡಂ ಎಂದು ನನ್ನನ್ನೇ ಕೇಳಿದಳು. ಮುಂದೆ ಏನು ಬರೆದಿದೆ ಎಂದು ಅಮ್ಮ ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆಯೇ ಓದಿದಳಂತೆ. ನಾನು ನಿಂಗೆ ಎಂತ ಕಲ್ಸಿದೆ ಮಾರಾಯ್ತಿ ಎಂದು ಅಮ್ಮ ನಾಚಿಕೊಂಡು ನಕ್ಕಳಂತೆ. ಆ ಪುಟವನ್ನು ಕಣ್ಣಿಗೆ ಒತ್ತಿಕೊಂಡು, ಮಲಗುವಾಗ ಪುಸ್ತಕವನ್ನು ದಿಂಬಿನ ಪಕ್ಕದಲ್ಲೇ ಇರಿಸಿಕೊಂಡಳಂತೆ.

ನೋಡಲು ಬಂದವರಿಗೆಲ್ಲ ಆ ಪುಟ ತೆಗೆಸಿ ತೋರಿಸುತ್ತಿದ್ದಳಂತೆ. ಹೋಗುವ ಹಿಂದಿನ ದಿನ ಮಾತು ನಿಂತಿತ್ತು, ಕಣ್ಣೂ ಮುಚ್ಚಿತ್ತು. ಪಕ್ಕದ ಮನೆಯಾಕೆ ಹಾಸಿಗೆಯ ಹತ್ತಿರ ಕೂತು, ಪುಸ್ತಕ ತೆಗೆದು ಆ ಹೆಸರನ್ನು ಗಟ್ಟಿಯಾಗಿ ಓದಿದಳು. ಅಮ್ಮ ಕಣ್ಣು ಬಿಡದೆಯೇ ‘ಓ’ ಎಂದು ಓಗೊಟ್ಟಳಂತೆ.